ಷರಾ

ರಜಿಸ್ಟರಿನಲ್ಲಿ ನಾಲ್ಕು ಕಾಲಮ್ಮು:
ತಾರೀಖು, ವೇಳೆ, ನೀರಿನ ಮಟ್ಟ, ಷರಾ.
ಹತ್ತೊಂಬತ್ತು ವರ್ಷ ಮೊದಲ ಮೂರನ್ನು ತುಂಬಿ
ನಾಲ್ಕನೆಯದರಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ:
ಬಂದಗಿಸಾಬ ನದಾಫ, ನೀರಗಂಟಿ, ಮಮದಾಪುರ ಕೆರೆ.

ಈ ಸಲ ಆರಿದ್ರಾ ಮಳೆ ಹೊಕ್ಕ ಮೂರನೆಯ ದಿನ
ಷರಾದೊಳಗೆ ಒಂದು ಹಕ್ಕಿ ಬಂದು ಕೂತಿತು.

ದೇವನಕ್ಕಿ ಅಂತಾರೆ. ಯಾವ ದೇವರದೋ, ಕೇಳಿಲ್ಲ.
ಬಿಳಿ ರೆಕ್ಕೆ, ಹಿಂಗತ್ತಿಗೆ ಅರಿಷಿಣ ಮೆತ್ತಿದ ಹಾಗೆ,
ಕುಡುಗೋಲಿನಂತೆ ಬಾಗಿದ ಬಾಲ.
ನೀರ ಮೇಲೆ ನಡೀತೈತಿ ಎಂದು ಹುಡುಗರು ಕೂಗಿದರು.
ನೀರ ಮೇಲಲ್ಲ, ನೈದಿಲೆ ಎಲೆಯ ಮೇಲೆ,
ಎಲೆಗೂ ಸುದ್ದಿ ಮುಟ್ಟದ ಹಾಗೆ.
ಕಾಲ ಬೆರಳು ಒಂದೊಂದೂ
ಅವ್ವ ಗಾದಿ ಹೊಲಿಯುತ್ತಿದ್ದ ದಬ್ಬಣದಷ್ಟು ಉದ್ದ.

ಅರಳೆ ಹಿಂಜುತ್ತ ಅಪ್ಪ ಹೇಳುತ್ತಿದ್ದ:
‘ವಜನ ಎಲ್ಲೂ ಹೋಗೂದಿಲ್ಲೋ, ಹರಡತೈತಿ ಅಷ್ಟ.’
ಆಗ ನನಗೆ ಅದು ಬರೀ ಗಾದಿಯ ಮಾತು.

ಷರಾ: ಹೆಣ್ಣು ದೊಡ್ಡದು. ಬೆಕ್ಕಿನ ಹಾಗೆ ಕೂಗುತ್ತದೆ.
ಷರಾ: ನಾಲ್ಕು ಮೊಟ್ಟೆ. ಉಜ್ಜಿದ ಕಂಚಿನ ಬುಗುರಿ.
ಷರಾ: ಹೆಣ್ಣು ದರ್ಗಾದ ಕಡೆಯ ದಂಡೆಗೆ ಹೋಯಿತು,
ಅಲ್ಲಿ ಇನ್ನೊಂದು ಗಂಡು ಇದೆ. ಇಲ್ಲಿಯದು ಕಾವಿಗೆ ಕೂತಿದೆ.

ಓದಿ ಹೇಳಿದಾಗ ಬೌರಮ್ಮ ಬಿರಾದಾರ
ಸೆರಗು ಬಾಯಿಗೆ ಹಿಡಿದು ನಕ್ಕಳು:
‘ಎಷ್ಟ ಮಂದಿ ಗಂಡರೋ ಅಕಿಗೆ?’
ಈ ದಂಡೆಯಿಂದ ಲೆಕ್ಕಕ್ಕೆ ಸಿಕ್ಕಿದ್ದು ಮೂರು.
‘ಮೂರೂ ಮಂದಿ ಕೂಸು ಆಡಸ್ತಾರ?’
ಆಡಸ್ತಾವ, ಎಂದೆ.
ಬಹಳ ಹೊತ್ತು ನೀರನ್ನೇ ನೋಡಿದಳು. ನಗಲಿಲ್ಲ.

ಪುಷ್ಯದಲ್ಲಿ ಮಳೆ ಕೈಕೊಟ್ಟಿತು.
ಉಳ್ಳಾಗಡ್ಡಿ ಬಾಡಾಕತ್ತಾವ, ತೂಬು ಎತ್ತು ಎಂದರು.
ಎತ್ತಿದರೆ ಒಂದು ರಾತ್ರಿಗೆ ಗೇಣು ನೀರು ಇಳಿಯುತ್ತದೆ,
ದಡದ ಎಲೆ ಕೆಸರಿಗೆ ಕೂರುತ್ತದೆ,
ಕೆಸರು ಗಟ್ಟಿಯಾದರೆ ನಾಯಿ ನಡೆಯುತ್ತದೆ.
ಅವತ್ತು ಮೊದಲ ಸುಳ್ಳು ಬರೆದೆ:
‘ತೂಬಿನ ತಿರುಪು ತುಕ್ಕು ಹಿಡಿದಿದೆ.’

ಎರಡು ದಿನ ಬಿಟ್ಟು ಬೌರಮ್ಮ ಎಣ್ಣೆ ಡಬ್ಬಿ ಹಿಡಿದು ಬಂದಳು.
ಏನೂ ಬೈಯಲಿಲ್ಲ. ತೂಬಿನ ಕಲ್ಲ ಮೇಲೆ ಇಟ್ಟು ಹೋದಳು.
ಆ ಸಂಜೆ ತಿರುವಿದೆ. ಎಣ್ಣೆ ಬೇಕಾಗಲಿಲ್ಲ.

ರಾತ್ರಿಯೆಲ್ಲ ಕಾಲುವೆಯ ಸದ್ದು.
ಬೆಳಕು ಹರಿಯುವಾಗ ಹೋದರೆ
ಗೂಡಿನ ಎಲೆ ಓರೆಯಾಗಿ ಕೆಸರಿಗೆ ಒರಗಿದೆ,
ಒಂದೇ ಮೊಟ್ಟೆ. ಅದರೆದುರು ಆ ಗಂಡು.

ಗದ್ದ ತಗ್ಗಿಸಿ, ಮೊಟ್ಟೆಯನ್ನು ಎದೆಗೆ ಅವುಚಿ
ಹಿಮ್ಮುಖವಾಗಿ ಹೆಜ್ಜೆ ಹಾಕಿತು
ಈ ಎಲೆ, ಆ ಎಲೆ, ಅರ್ಧ ಮುಳುಗಿದ ಎಲೆ,
ಅಂತರಗಂಗೆಯ ಒಂದು ತೆಪ್ಪ.
ಐದು ಮಾರು ಒಳಗೆ, ಆಳದ ನೀರಲ್ಲಿ
ಉಳಿದ ಮೂರು ಆಗಲೇ ಕಾದಿದ್ದವು.
ನಾನು ಎರಡು ದಿನ ತಡೆದದ್ದು ಅದಕ್ಕೆ ಗೊತ್ತಿಲ್ಲ.
ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಇಪ್ಪತ್ತಾರನೆಯ ದಿನ: ಮರಿ ಮೂರು.
ಹದ್ದು ಸುತ್ತಿದಾಗ ಮೂರೂ ನೀರೊಳಗೆ,
ಕೊಕ್ಕಿನ ತುದಿ ಮಾತ್ರ ಹೊರಗೆ, ಹುಲ್ಲುಕಡ್ಡಿಯಷ್ಟು.
ಅಪ್ಪ ರೆಕ್ಕೆ ಮುರಿದ ನಾಟಕ ಹೂಡಿ
ದೂರ ದೂರ ಹೊರಳಿತು.
ನಾಲ್ಕನೆಯದರ ಬಗ್ಗೆ ಏನೂ ಬರೆದಿಲ್ಲ.

ದಸರೆ ಕಳೆದು ಕುಲಗೋಡ ಸಾಹೇಬರು ತಪಾಸಣೆಗೆ ಬಂದರು.
ಪುಟ ತಿರುವಿದರು. ತುಕ್ಕಿನ ಸಾಲಿಗೆ ಏನೂ ಅನ್ನಲಿಲ್ಲ.
ಹಕ್ಕಿಯ ಸಾಲುಗಳ ಪಕ್ಕ ಕೆಂಪು ಶಾಯಿಯಲ್ಲಿ
ಷರಾಕ್ಕೇ ಒಂದು ಷರಾ: ‘ಇಲಾಖೆಗೆ ಸಂಬಂಧಿಸಿದ್ದಲ್ಲ.’
ಹೊರಡುವಾಗ ಜೀಪಿನ ಬಾಗಿಲು ಹಿಡಿದು ಕೇಳಿದರು,
‘ಈಗ ಎಲ್ಲೈತಿ ಅದು?’

ಬಾಲ ಉದುರಿಸಿ, ಹಳದಿ ಮಾಸಿ, ಮಾಮೂಲಿ ಹಕ್ಕಿಯಾಗಿ
ನಮ್ಮಿಬ್ಬರ ಎದುರಿಗೇ ಹುಳ ಹೆಕ್ಕುತ್ತಿತ್ತು.
ಬೆರಳು ಮಾಡಿ ತೋರಿಸಿದೆ.
ಅವರು ಬೇರೆ ಎಲ್ಲೋ ನೋಡುತ್ತ ‘ಹಾಂ, ಹಾಂ’ ಎಂದರು.

ಇಂದಿನ ಮಟ್ಟ ಹನ್ನೊಂದು ಅಡಿ, ನಾಲ್ಕು ಇಂಚು.